ನೋವಿಗೆ ನಾನು ಕೊಟ್ಟ ಅಂಕ

ನಾನು ಐಸಿಯುವಿನಲ್ಲಿದ್ದ ಆರು ದಿನಗಳಲ್ಲಿ ಹೇಳಿದ್ದು ಒಂದೇ ಸುಳ್ಳು. ಮೊದಲ ಮೂರು ದಿನ ಅದನ್ನೇ ದಿನಕ್ಕೆ ಆರೇಳು ಸಲ ಹೇಳಿದೆ, ಅಷ್ಟೆ.

“ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ” ಎಂದು ಸಿಸ್ಟರ್ ಕೇಳುತ್ತಿದ್ದರು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದ್ದು. ನಾನು “ಎರಡು” ಎನ್ನುತ್ತಿದ್ದೆ. ಎದೆಯ ಮೂಳೆಯನ್ನು ಉದ್ದಕ್ಕೆ ಸೀಳಿ, ಹೃದಯದ ಒಂದು ಕವಾಟ ಬದಲಿಸಿ, ಮೂಳೆಯನ್ನು ಮತ್ತೆ ಉಕ್ಕಿನ ತಂತಿಯಿಂದ ಬಿಗಿದು ಇನ್ನೂ ಎರಡು ದಿನ ಆಗಿರಲಿಲ್ಲ. ಎರಡಂತೆ, ಎರಡು.

ಅದೆಲ್ಲ ಆಗಿ ಈಗ ಎಂಟು ತಿಂಗಳು. ಮೊನ್ನೆ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ತಂಗಿ ಫೋನ್ ಮಾಡಿದ್ದರು. ಅವರಿಗೂ ಇದೇ ಆಪರೇಷನ್ ಆಗಬೇಕು. “ಮೇಡಂ, ಒಳಗೆ ಹೇಗಿರುತ್ತೆ?” ಎಂದು ಕೇಳಿದರು. ಹತ್ತು ನಿಮಿಷ ಏನೇನೋ ಹೇಳಿದೆ. ಫೋನ್ ಇಟ್ಟ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಒಮ್ಮೆಗೆ ಒಂದು ಪುಟ ಬರೆದರೆ ಭುಜ ಸೋತುಹೋಗುತ್ತದೆ. ಆದ್ದರಿಂದ ಇದು ಹಲವು ದಿನ ಕೂತು ಬರೆದದ್ದು. ಅಲ್ಲಲ್ಲಿ ಜೋಡಣೆ ಸರಿಯಿಲ್ಲದಿದ್ದರೆ ಹಾಗೇ ಓದಿಕೊಳ್ಳಿ.

ನಾನು ಗಿರಿಜಾ. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮನೆ ಲೋಧಿ ಕಾಲೋನಿಯ ಹಳೇ ಸರ್ಕಾರಿ ಕ್ವಾರ್ಟರ್ಸ್. ಹುಟ್ಟಿದ್ದು ಬ್ಯಾಡಗಿಯಲ್ಲಿ. ಅಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು, ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಇಬ್ಬರಿಗೂ ಸಹಿ ಬರುತ್ತಿರಲಿಲ್ಲ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೆಯವಳು ನಾನು, ಬಿ.ಎ. ಮಾಡಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹೇಳದಿದ್ದರೆ ಆ ಎರಡರ ಲೆಕ್ಕ ನಿಮಗೆ ತಿಳಿಯುವುದೂ ಇಲ್ಲ.

ನನಗಿಂತ ಮೊದಲು ಶಾಲೆಗೆ ಹೋದವಳು ನನ್ನ ಒಡಹುಟ್ಟಿದ ಶಾಂತಕ್ಕ. ನನಗಿಂತ ಬುದ್ಧಿವಂತೆ. ಆರನೇ ಇಯತ್ತೆಯಲ್ಲಿದ್ದಾಗ ಅವಳಿಗೆ ಕಾಮಾಲೆ ಆಯಿತು. ಒಂದು ತಿಂಗಳು ಮನೆಯಲ್ಲಿ ಮಲಗಿದಳು. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವ್ವನ ಜೊತೆ ಕೂತು ತೊಟ್ಟು ಬಿಡಿಸತೊಡಗಿದಳು. ಅವಳನ್ನು ಶಾಲೆ ಬಿಡಿಸಬೇಕು ಎಂದು ಯಾರೂ ತೀರ್ಮಾನ ಮಾಡಿದ್ದಲ್ಲ. ಅವಳು ಮತ್ತೆ ಹೋಗಲಿಲ್ಲ, ಅಷ್ಟೇ. ಅದನ್ನು ನೋಡಿ ನಾನು ಕಲಿತದ್ದು ಇದು: ಕಾಯಿಲೆ ಬಿದ್ದವಳ ಹೆಸರು ಹಾಜರಿ ಪುಸ್ತಕದಿಂದ ಹೋಗುತ್ತದೆ.

ಮರುವರ್ಷ ನನಗೆ ಗಂಟಲು ನೋವು, ಜ್ವರ, ಆಮೇಲೆ ಮಂಡಿ, ಮೊಣಕೈ ಒಂದಾದ ಮೇಲೊಂದು ಊದಿಕೊಂಡವು. ಯಾರಿಗೂ ಹೇಳಲಿಲ್ಲ. ಕುಂಟುವುದು ಕಾಣಬಾರದೆಂದು ಎಲ್ಲರಿಗಿಂತ ಮೊದಲೇ ಶಾಲೆಗೆ ಹೋಗಿ ಕೂತುಬಿಡುತ್ತಿದ್ದೆ. ಒಂದು ದಿನ ಅವ್ವ ನೋಡಿದಳು. “ಯಾಕ ಗಿರಿಜಿ, ಕಾಲು ಎಳಿಯಾಕ ಹತ್ತೀಯಲ್ಲ?” ಅಂದಳು. “ಆಟ ಆಡೂಮುಂದ ಬಿದ್ದೆ” ಅಂದೆ. ಅಲ್ಲಿಗೆ ಮುಗಿಯಿತು.

ಮೂವತ್ತೈದು ವರ್ಷಗಳ ನಂತರ, ಇಲ್ಲಿ ದಕ್ಷಿಣ ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆಯ ಕೋಣೆಯಲ್ಲಿ ಹೃದಯದ ಡಾಕ್ಟರು ಎಕೋ ರಿಪೋರ್ಟು ನೋಡುತ್ತ, “ಚಿಕ್ಕವರಿದ್ದಾಗ ಜ್ವರ ಬಂದು ಕೀಲುಗಳು ಊದಿದ್ದವೇ?” ಎಂದು ಹಿಂದಿಯಲ್ಲಿ ಕೇಳಿದರು. ಹೌದು ಎಂದೆ. “ಯಾರೂ ಡಾಕ್ಟರಿಗೆ ತೋರಿಸಲಿಲ್ಲವೇ?”

“ಯಾರಿಗೂ ಗೊತ್ತಿರಲಿಲ್ಲ ಸರ್.”

ಅವರು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿ, ಮತ್ತೆ ಬರೆಯತೊಡಗಿದರು. ಆ ಜ್ವರವೇ ಕವಾಟವನ್ನು ಕೆಡಿಸಿತ್ತು.

ಅಲ್ಲಿಗೆ ಹೋಗುವ ಹೊತ್ತಿಗೆ ಒಂದು ಚಳಿಗಾಲವನ್ನು ನಾನು ಸುಮ್ಮನೆ ಕಳೆದಿದ್ದೆ. ಮೆಟ್ರೋ ಮೆಟ್ಟಿಲು ಹತ್ತುವಾಗ ಉಸಿರು ಸಿಗುತ್ತಿರಲಿಲ್ಲ. ನವೆಂಬರಿನ ಹೊಗೆಯಲ್ಲಿ ದೆಹಲಿಯ ಯಾರಿಗೆ ತಾನೇ ಉಸಿರು ಸಲೀಸು ಎಂದುಕೊಂಡೆ. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಕೊನೆಗೆ ನಮ್ಮವರೇ, “ನೀನು ಮಲಗ್ತಾ ಇದ್ದೀಯೋ, ಕೂತ್ಕೊಂಡು ಕಾವಲು ಕಾಯ್ತಾ ಇದ್ದೀಯೋ?” ಎಂದು ರೇಗಿ ಕರೆದುಕೊಂಡು ಹೋದರು.

ನಮ್ಮವರು ಬಸವರಾಜ್, ಇನ್ನೊಂದು ಇಲಾಖೆಯಲ್ಲಿ ಸ್ಟೆನೋ. ಹೆದರಿದಾಗ ಮಾತಾಡುವುದಿಲ್ಲ, ಏನನ್ನಾದರೂ ಬಿಚ್ಚಿ ತೊಳೆಯುತ್ತಾರೆ. ಆಪರೇಷನ್ ಬೇಕೇ ಬೇಕು ಎಂದು ಗೊತ್ತಾದ ದಿನ ಮನೆಗೆ ಬಂದು, ಎರಡು ಫ್ಯಾನಿನ ರೆಕ್ಕೆಗಳನ್ನೂ ಇಳಿಸಿ ತೊಳೆದರು. ಮಗಳು ಮೇಘನಾ ಬಿ.ಎಸ್ಸಿ. ಎರಡನೇ ವರ್ಷ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಅರ್ಧಕ್ಕೆ ಹಿಂದಿಗೋ ಇಂಗ್ಲಿಷಿಗೋ ಜಾರುತ್ತಾಳೆ. “ಅಮ್ಮಾ, ಡೋಂಟ್ ವರಿ, ಇದು ಬಹುತ್ ಕಾಮನ್ ಸರ್ಜರಿ” ಎಂದಳು. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅರ್ಧ ಗಂಟೆ ಅಲ್ಲೇ ಇದ್ದಳು. ನಾನು ಹೊರಗಿನಿಂದ ಬಾಗಿಲು ಬಡಿದು, “ನೀರು ಹಾಳು ಮಾಡ್ಬೇಡ” ಅಂದೆ. ಅವಳು ಅಳುತ್ತಿದ್ದಾಳೆಂದು ಗೊತ್ತಿತ್ತು. ಆದರೂ ಬಾಯಿಗೆ ಬಂದದ್ದು ಆ ಮಾತೇ.

ದಿನಾಂಕ ಸಿಗಲು ಐದು ತಿಂಗಳು ಕಾದೆವು. ಆ ಐದು ತಿಂಗಳು ಹೆಚ್ಚಾಗಿ ಕಾರಿಡಾರಿನಲ್ಲೇ ಕಳೆಯಿತು: ಎಕೋಗೆ, ಹಲ್ಲಿನಲ್ಲಿ ಸೋಂಕಿಲ್ಲವೆಂದು ಹಲ್ಲಿನ ಡಾಕ್ಟರ ಒಪ್ಪಿಗೆಗೆ, ರಕ್ತ ಪರೀಕ್ಷೆಗೆ. ಬಿಹಾರದಿಂದ ಬಂದವರು ಗೋಡೆಯ ಬದಿಗೆ ಚಾದರ ಹಾಸಿ ಸಂಸಾರವನ್ನೇ ಹೂಡಿರುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ನನಗೆ ತನ್ನ ಚಾದರದ ಅರ್ಧ ಬಿಟ್ಟುಕೊಟ್ಟು, “ಬೈಠ್ ಜಾಓ ದೀದಿ, ಹೇಗೂ ಸಂಜೆಯಾಗುತ್ತೆ” ಎಂದಳು. ಅವಳ ಗಂಡ ಒಳಗಿದ್ದ. ನಾವಿಬ್ಬರೂ ಒಬ್ಬರ ಹೆಸರು ಒಬ್ಬರು ಕೇಳದೆ ಮೂರು ಗಂಟೆ ಪಕ್ಕಪಕ್ಕ ಕೂತಿದ್ದೆವು. ಆಪರೇಷನ್ನಿಗೆ ರಕ್ತ ಕೊಡುವವರನ್ನು ನಾವೇ ಕರೆತರಬೇಕಿತ್ತು. ನನ್ನ ಸೆಕ್ಷನ್ನಿನ ನಾಲ್ವರು ಬೆಳಿಗ್ಗೆ ಎಂಟಕ್ಕೇ ಬಂದು ನಿಂತಿದ್ದರು. ಅದರಲ್ಲೊಬ್ಬನ ರಜೆ ಅರ್ಜಿಯನ್ನು ನಾನು ಹಿಂದಿನ ವಾರವಷ್ಟೇ ತಿರಸ್ಕರಿಸಿದ್ದೆ.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನ ಆಯಾ ಬಂದು ನನ್ನ ಕೂದಲಿಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದಳು. ಒಂದು ಜಡೆಯಾದರೆ ತಲೆಯ ಕೆಳಗೆ ಒತ್ತುತ್ತದಂತೆ. ನಲವತ್ತೇಳನೇ ವಯಸ್ಸಿನಲ್ಲಿ ಎರಡು ಜಡೆ ಹಾಕಿಸಿಕೊಂಡು ಕನ್ನಡಿ ನೋಡಿದೆ. ಪರೀಕ್ಷೆಗೆ ಹೊರಟ ಹುಡುಗಿಯ ಹಾಗಿದ್ದೆ. ಆ ಯೋಚನೆ ತಲೆಯಲ್ಲಿ ಕೂತಿತು, ಅಲ್ಲಿಂದ ಏಳಲಿಲ್ಲ.

ಎಚ್ಚರವಾದದ್ದು ಮರುದಿನ ಸಂಜೆಯಂತೆ. ಮೊದಲು ಬಂದದ್ದು ಶಬ್ದಗಳು: ಹತ್ತಾರು ಯಂತ್ರಗಳು ಹತ್ತಾರು ರಾಗದಲ್ಲಿ. ಆಮೇಲೆ ಬಾಯಾರಿಕೆ. ಗಂಟಲೊಳಗೆ ಬೆರಳು ದಪ್ಪದ ನಳಿಗೆ. ಅದು ನನ್ನ ಪರವಾಗಿ ಉಸಿರಾಡುತ್ತಿತ್ತು. ನಾನು ಒಳಕ್ಕೆ ಎಳೆದುಕೊಳ್ಳಬೇಕೆಂದಾಗ ಅದು ಹೊರಕ್ಕೆ ಬಿಡುತ್ತಿತ್ತು. ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಮಾತಾಡುವಂತಿಲ್ಲ, ಅಲುಗಾಡುವಂತಿಲ್ಲ. ನಾನು ಇದ್ದೇನೆ ಎಂದು ಹೇಳಲು ಕಣ್ಣುರೆಪ್ಪೆ ಬಿಟ್ಟರೆ ಬೇರೇನೂ ಇರಲಿಲ್ಲ. ಇದಕ್ಕಿಂತ ಹೆಚ್ಚಾಗಿ ನಾನು ಯಾವುದಕ್ಕೂ ಹೆದರಿಲ್ಲ. ಓದುವವರಲ್ಲಿ ಯಾರಿಗಾದರೂ ಇದು ಮುಂದೆ ಬರಲಿದ್ದರೆ ಹೇಳುತ್ತೇನೆ: ಅದು ಮುಗಿಯುತ್ತದೆ. ನನಗೆ ಮರುದಿನ ಬೆಳಿಗ್ಗೆ ಮುಗಿಯಿತು. ಆದರೆ ಆ ಹೊತ್ತಿನಲ್ಲಿ ಅದು ಮುಗಿಯುತ್ತದೆಂದು ಅನ್ನಿಸುವುದಿಲ್ಲ.

ಆ ಹೊತ್ತಿನಲ್ಲಿ ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸಿದವರು ಸಿಸ್ಟರ್ ಶೈನಿ. ಕೇರಳದವರು. ಕೇಸ್ ಶೀಟಿನಲ್ಲಿ ನನ್ನ ಊರು ನೋಡಿ ಕಿವಿಯ ಹತ್ತಿರ ಬಗ್ಗಿ, “ಅಕ್ಕಾ, ನಾನು ಮಂಗಳೂರಿನಲ್ಲಿ ನರ್ಸಿಂಗ್ ಓದಿದ್ದು. ಆಪರೇಷನ್ ಚೆನ್ನಾಗಿ ಆಗಿದೆ. ಇದು ಐಸಿಯು. ನೀವು ಸುಮ್ನೆ ಮಲ್ಕೊಳ್ಳಿ” ಎಂದರು. ದೆಹಲಿಯ ಆ ಯಂತ್ರಗಳ ನಡುವೆ ಆ ಅರೆಬರೆ ಕನ್ನಡ ಕೇಳಿ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಕೈ ಕಟ್ಟಿತ್ತು, ಒರೆಸಿಕೊಳ್ಳಲಾಗಲಿಲ್ಲ. ಅವರೇ ಒರೆಸಿದರು.

ನಳಿಗೆ ತೆಗೆದ ಮೇಲೆ ಅಂಕ ಕೇಳುವುದು ಶುರುವಾಯಿತು.

“ನೋವು ಎಷ್ಟು ಅಕ್ಕಾ?”

“ಎರಡು.”

“ಸರಿಯಾಗಿ ಹೇಳಿ. ಜಾಸ್ತಿ ಇದ್ರೆ ಇಂಜೆಕ್ಷನ್ ಕೊಡ್ತೇವೆ.”

“ಬೇಡ ಸಿಸ್ಟರ್. ತಡ್ಕೋಬಹುದು.”

ಯಾಕೆ ಹಾಗೆ ಹೇಳಿದೆ? ಒಂದು ಕಾರಣ ಕಚೇರಿಯದು. ಇಪ್ಪತ್ತು ವರ್ಷ ಫೈಲುಗಳ ನಡುವೆ ಇದ್ದವಳಿಗೆ, ಯಾರಾದರೂ ನನ್ನ ಹೆಸರಿನ ಮುಂದೆ ಏನಾದರೂ ಬರೆದುಕೊಳ್ಳುತ್ತಿದ್ದಾರೆ ಎಂದರೆ ಅದನ್ನು ಮೇಲಿನವರು ನೋಡುತ್ತಾರೆ ಎಂದೇ ಅರ್ಥ. ಕಡಿಮೆ ನೋವಿನವರನ್ನು ಬೇಗ ವಾರ್ಡಿಗೆ ಕಳಿಸುತ್ತಾರೆ, ಹೆಚ್ಚು ಹೇಳಿದವರನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ ಎಂದು ನಾನೇ ಒಂದು ನಿಯಮ ಮಾಡಿಕೊಂಡೆ. ಸೊನ್ನೆ ಎಂದರೆ ನಂಬುವುದಿಲ್ಲ. ಎರಡು ಎಂದರೆ ಗೌರವಸ್ಥರ ಅಂಕ. ಇನ್ನೊಂದು ಕಾರಣ ಆಗಲೇ ಹೇಳಿದ್ದೇನೆ, ಶಾಂತಕ್ಕನ ಕಾರಣ. ಔಷಧದ ಮಂಪರಿನಲ್ಲಿ ನನಗೆ ಮೇಲಿನ ಬಿಳಿ ಚಾವಣಿ ಪರೀಕ್ಷಾ ಹಾಲಿನದೆಂದೂ, ಸಿಸ್ಟರುಗಳು ಮೇಲ್ವಿಚಾರಕರೆಂದೂ ಆಗಾಗ ಅನ್ನಿಸುತ್ತಿತ್ತು. ನೋವು ಎಂದು ಎದ್ದು ನಿಂತರೆ ಉತ್ತರ ಪತ್ರಿಕೆ ಕಿತ್ತುಕೊಂಡು ಹೊರಗೆ ಕಳಿಸುತ್ತಾರೆ.

ನನ್ನ ಎಡಗಡೆಯ ಮಂಚದಲ್ಲಿ ಕಮಲೇಶ್ ಆಂಟಿ ಇದ್ದರು. ಗುರುಗ್ರಾಮದವರು, ಅರವತ್ತೈದರ ಮೇಲೆ, ಬೈಪಾಸ್ ಆಗಿತ್ತು. ನನ್ನದಾದ ದಿನವೇ ಅವರದೂ ಆದದ್ದು. ಅವರು ಎಚ್ಚರವಾದ ಗಳಿಗೆಯಿಂದ ಕೂಗುತ್ತಲೇ ಇದ್ದರು. “ಹಾಯ್ ಮರ್ ಗಯೀ! ಅರೇ ಕೋಯೀ ಸುನೋ! ಹತ್ತು! ಹತ್ತಲ್ಲ, ಹನ್ನೆರಡು ಬರ್ಕೋ!” ಇಂಜೆಕ್ಷನ್ ಕೊಟ್ಟರೆ ಸ್ವಲ್ಪ ಹೊತ್ತು ಸುಮ್ಮನಾಗಿ, ಎದ್ದು ಕೂತು, ಚಹಾ ಕೇಳಿ, ಸೊಸೆಯನ್ನು ಬೈದು, ಮತ್ತೆ ಕೂಗು. ನನಗೆ ಮೈ ಉರಿಯುತ್ತಿತ್ತು. ಇಷ್ಟು ವಯಸ್ಸಾದರೂ ಮರ್ಯಾದೆಯಿಲ್ಲ ಎಂದುಕೊಂಡೆ.

ಎರಡನೇ ದಿನ ಅವರೇ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು. “ಬೇಟೀ, ನಿನಗೆ ನೋಯುವುದಿಲ್ಲವೇ?”

“ಸ್ವಲ್ಪ.”

“ಸ್ವಲ್ಪ! ನಮ್ಮಿಬ್ಬರನ್ನೂ ಒಂದೇ ಗರಗಸದಿಂದ ಕೊಯ್ದಿದ್ದಾರೆ. ನನ್ನದು ಹನ್ನೆರಡು, ನಿನ್ನದು ಎರಡು? ಇಲ್ಲೇನು ಮೆಡಲ್ ಕೊಡ್ತಾರಾ?”

ಕಣ್ಣು ಮುಚ್ಚಿಕೊಂಡೆ. ವಾದಿಸುವಷ್ಟು ಉಸಿರೂ ಇರಲಿಲ್ಲ.

ಅಂದು ಸಂಜೆ ನಾಲ್ಕಕ್ಕೆ ನಮ್ಮವರು ಬಂದರು. ದಿನಕ್ಕೆ ಒಬ್ಬರು, ಹತ್ತು ನಿಮಿಷ, ಹಸಿರು ಗೌನು ಹಾಕಿಕೊಂಡು. ನನ್ನ ಪಾದ ಮುಟ್ಟಿ ಬಿಸಿಯಿದೆಯೇ ನೋಡಿದರು. ಬೇರೆಲ್ಲಿ ಮುಟ್ಟಬಹುದೋ ಅವರಿಗೆ ಗೊತ್ತಾಗಲಿಲ್ಲ. ಸಿಸ್ಟರ್ ಶೈನಿ, “ಅಕ್ಕ ಏನೂ ಕೇಳೋದಿಲ್ಲ, ಇಂಜೆಕ್ಷನ್ ಬೇಡ ಅಂತಾರೆ” ಎಂದು ದೂರಿನ ಹಾಗೆ ಹೇಳಿದರು. ಇವರು ಅದನ್ನು ಹೊಗಳಿಕೆ ಎಂದುಕೊಂಡರು. “ನಮ್ಮ ಮನೆಯವಳು ತುಂಬಾ ಗಟ್ಟಿ ಸಿಸ್ಟರ್. ಹೆರಿಗೆಯಲ್ಲೂ ಒಂದು ಸದ್ದು ಮಾಡಲಿಲ್ಲ.” ಅವರ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ಆ ಹೆಮ್ಮೆಗಾಗಿ ಇನ್ನೆರಡು ದಿನ ತಡೆದುಕೊಳ್ಳಬಹುದು ಅನ್ನಿಸಿತು.

ತಡೆದುಕೊಳ್ಳುವುದು ಎಂದರೆ ಏನು ಮಾಡುತ್ತಿದ್ದೆ ಹೇಳುತ್ತೇನೆ. ಮೇಲುಮೇಲಷ್ಟೇ ಉಸಿರಾಡುತ್ತಿದ್ದೆ. ಆಳವಾಗಿ ಎಳೆದರೆ ಎದೆ ಬಿರಿಯುತ್ತಿತ್ತು, ಆದ್ದರಿಂದ ಎಳೆಯುತ್ತಿರಲಿಲ್ಲ. ಕೆಮ್ಮು ಬಂದರೆ ಹಲ್ಲು ಕಚ್ಚಿ ನುಂಗುತ್ತಿದ್ದೆ. ದಿನಕ್ಕೆ ಮೂರು ಸಲ ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಪ್ರದೀಪ್, ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಬಾಯಿಗೆ ಕೊಟ್ಟು, “ಎಳೀರಿ ಆಂಟೀಜಿ, ಚೆಂಡು ಮೇಲೆ ಬರಲಿ” ಎನ್ನುತ್ತಿದ್ದ. ಒಂದೂ ಅಲುಗುತ್ತಿರಲಿಲ್ಲ. “ಚಲೋ, ಕೆಮ್ಮಿ. ಜೋರಾಗಿ.” ನಾನು ಗಂಟಲಿನಲ್ಲೇ ಸಣ್ಣ ಸದ್ದು ಮಾಡಿ ಮುಗಿಸುತ್ತಿದ್ದೆ. “ಇದು ಕೆಮ್ಮಲ್ಲ ಆಂಟೀಜಿ. ಮೀಟಿಂಗಿನಲ್ಲಿ ಸಾಹೇಬರ ಗಮನ ಸೆಳೆಯೋಕೆ ಮಾಡ್ತಾರಲ್ಲ, ಅದು.”

ಪಕ್ಕದಲ್ಲಿ ಕಮಲೇಶ್ ಆಂಟಿ ದಿಂಬು ಅಪ್ಪಿಕೊಂಡು, ಪ್ರದೀಪನ ಏಳು ತಲೆಮಾರನ್ನು ಬೈಯುತ್ತ, ಇಡೀ ಐಸಿಯು ಅದುರುವಂತೆ ಕೆಮ್ಮುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಾರ್ಡಿಗೆ ಕರೆದೊಯ್ದರು. ಹೋಗುವಾಗ ನನಗೆ ಕೈ ಬೀಸಿದರು. ಗಟ್ಟಿಯಾಗಿದ್ದ ನಾನು ಅಲ್ಲೇ ಇದ್ದೆ.

ಮಧ್ಯಾಹ್ನದ ಹೊತ್ತಿಗೆ ನನ್ನ ಮಾನಿಟರ್ ಬೇರೆ ರಾಗ ಹಾಡತೊಡಗಿತು. ಜ್ವರ ಏರಿತ್ತು. ಉಸಿರು ಮಿನಿಟಿಗೆ ಮೂವತ್ತು ದಾಟಿತ್ತು. ಹಾಸಿಗೆಯ ಬಳಿಯೇ ಎಕ್ಸ್‌ರೇ ತೆಗೆದರು. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿದರು. ಅದು ಗಾಳಿಯನ್ನು ನೂಕುತ್ತಿತ್ತು. ಡ್ಯೂಟಿ ಡಾಕ್ಟರು, ಮೇಘನಾಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದಾದ ಹುಡುಗಿ, ಎಕ್ಸ್‌ರೇ ನೋಡಿ ಬಂದು ನನ್ನ ಮಂಚದ ಪಕ್ಕ ನಿಂತಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವಳೂ ದಣಿದಿದ್ದಳು.

“ನಿಮ್ಮ ಶ್ವಾಸಕೋಶದ ಕೆಳಭಾಗ ಮುಚ್ಚಿಕೊಂಡಿದೆ. ಒಳಗೆ ಕಫ ಕೂತಿದೆ. ನೀವು ಕೆಮ್ಮಿ ಹೊರಗೆ ಹಾಕಬೇಕು. ಸಂಜೆಯ ತನಕ ನೋಡ್ತೀವಿ. ಆಗಲಿಲ್ಲ ಅಂದರೆ ಮತ್ತೆ ನಳಿಗೆ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕಾಗುತ್ತೆ.” ಆಮೇಲೆ ಕೇಳಿದಳು, “ನೋವಿದೆಯಾ? ಎಷ್ಟು?”

ನಾನು ಎರಡು ಬೆರಳು ತೋರಿಸಿದೆ.

ಆ ನಳಿಗೆಯ ಹೆಸರು ಕೇಳಿಯೂ ಎರಡೇ ಬೆರಳು. ಇದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಬೆರಳುಗಳು ತಾವಾಗಿಯೇ ಎದ್ದವು. ಅವಳು ಬರೆದುಕೊಂಡು ಹೋದಳು. ನೋವು ಎರಡಾದರೆ ಕೆಮ್ಮದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಲ್ಲ, ಅದನ್ನು ಹುಡುಕಲು ಹೋದಳು.

ಅಂದು ನಾಲ್ಕಕ್ಕೆ ಬಂದದ್ದು ಮೇಘನಾ. ಅವಳಪ್ಪ ಕೆಳಗೆ ಔಷಧಿ ಸಾಲಿನಲ್ಲಿದ್ದರು. ಗೌನು ಅವಳಿಗೆ ದೊಡ್ಡದಾಗಿತ್ತು, ತೋಳು ಮಡಚಿಕೊಂಡಿದ್ದಳು. ಸಿಸ್ಟರ್ ಶೈನಿ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೇಘನಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನಾನು ಹಾಸಿಗೆಯ ಕಂಬಿ ಹಿಡಿದಿದ್ದೆ. ಬೆರಳ ಗೆಣ್ಣುಗಳು ಬಿಳಿಚಿದ್ದವು.

“ಸಿಸ್ಟರ್, ಅಮ್ಮ ಎಷ್ಟು ಹೇಳಿದ್ರು?”

“ಎರಡು.”

“ಝೂಟ್, ಸುಳ್ಳು” ಎಂದಳು ಮೇಘನಾ.

ನಾನು ಕಣ್ಣು ದೊಡ್ಡದು ಮಾಡಿದೆ. ಹೊರಗಿನವರ ಮುಂದೆ ಹೀಗೆ ಮಾತಾಡುವಂತಿಲ್ಲ ಎಂಬ ಆ ಕಣ್ಣಿನ ಅರ್ಥ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅವಳು ಲಕ್ಷಿಸಲಿಲ್ಲ. ಮಂಚದ ಕಂಬಿಯ ಮೇಲೆ ಬಾಗಿ, ಹುಡುಕಿ ಹುಡುಕಿ ಕನ್ನಡದಲ್ಲೇ ಮಾತಾಡಿದಳು.

“ಅಮ್ಮಾ, ನೀನು ಯಾವಾಗ್ಲೂ ಹೀಗೇ. ಟೆಂಥ್ ಬೋರ್ಡ್ ಎಗ್ಸಾಮ್ ದಿನ ನನ್ಗೆ ಎಷ್ಟು ಹೊಟ್ಟೆ ನೋವಿತ್ತು. ನೀನು ಏನ್ ಹೇಳ್ದಿ? ತಡ್ಕೋ, ನಾನು ಇದಕ್ಕಿಂತ ಜಾಸ್ತಿ ತಡ್ಕೊಂಡಿದೀನಿ ಅಂದಿ. ಆಮೇಲಿಂದ ನಾನು ನಿನ್ಗೆ ಏನೂ ಹೇಳೋದೇ ಇಲ್ಲ. ಪತಾ ಹೈ? ಹೋದ ವರ್ಷ ಎರಡು ತಿಂಗಳು ನನ್ಗೆ ನಿದ್ದೆ ಬರ್ಲಿಲ್ಲ. ಸೈಕಾಲಜಿಸ್ಟ್ ಹತ್ರ ಹೋದೆ. ಕಾಲೇಜಲ್ಲಿ. ನಿನ್ಗೆ ಹೇಳ್ಲಿಲ್ಲ. ನೀನು ತಡ್ಕೋ ಅಂತಿದ್ದಿ.” ಅವಳು ಕಟ್ಟಿಕೊಂಡಿದ್ದ ಬಟ್ಟೆಯ ಮಾಸ್ಕು ಮೂಗಿನ ಬಳಿ ಒದ್ದೆಯಾಗಿತ್ತು. “ಈಗ ನೀನು ಸತ್ತೋದ್ರೆ ನಾನ್ ಏನ್ ಮಾಡ್ಲಿ? ಎಲ್ರಿಗೂ ಹೇಳ್ಲಾ, ಮೇರೀ ಮಮ್ಮೀ ಬಹುತ್ ಸ್ಟ್ರಾಂಗ್ ಥೀ ಅಂತ?”

ಆ ಎರಡು ತಿಂಗಳು ಅವಳು ನನ್ನ ಪಕ್ಕದ ಕೋಣೆಯಲ್ಲೇ ಮಲಗಿದ್ದಳು. ಹುಡುಗಿ ಚೆನ್ನಾಗಿ ಓದುತ್ತಿದ್ದಾಳೆ ಎಂದುಕೊಂಡಿದ್ದೆ. ನಾನು ಕಾಲೆಳೆಯುವುದನ್ನು ಅವ್ವನಾದರೂ ಒಂದು ದಿನ ನೋಡಿದ್ದಳು.

ನನ್ನ ಮಾಸ್ಕಿನೊಳಗಿಂದ ಮಾತು ಹೊರಡುತ್ತಿರಲಿಲ್ಲ. ಕಂಬಿಯಿಂದ ಕೈ ಬಿಡಿಸಿಕೊಂಡೆ. ಒಂದು ಕೈಯ ಐದೂ ಬೆರಳು ಎತ್ತಿದೆ. ಇನ್ನೊಂದು ಕೈಗೆ ಸೂಜಿ ಚುಚ್ಚಿ ಹಲಗೆ ಕಟ್ಟಿದ್ದರು, ನಾಲ್ಕು ಬೆರಳು ಮಾತ್ರ ಎದ್ದವು.

“ಒಂಬತ್ತು,” ಎಂದರು ಸಿಸ್ಟರ್ ಶೈನಿ. “ಅಯ್ಯೋ ಅಕ್ಕಾ. ಮೂರು ದಿನದಿಂದ?”

ತಲೆಯಾಡಿಸಿದೆ. ಅವರು ನನ್ನನ್ನು ಬೈಯಬೇಕೆಂದು ಬಾಯಿ ತೆರೆದು, ಬೈಯದೆ, ಓಡುವ ಹಾಗೆ ಡಾಕ್ಟರ ಬಳಿ ಹೋದರು.

ಇಂಜೆಕ್ಷನ್ ಕೆಲಸ ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ನೋವು ಪೂರ್ತಿ ಹೋಗಲಿಲ್ಲ, ಸ್ವಲ್ಪ ದೂರ ಸರಿದು ಕೂತಿತು. ಭೇಟಿಯ ಹತ್ತು ನಿಮಿಷ ಎಂದೋ ಮುಗಿದಿತ್ತು, ಮೇಘನಾಳನ್ನು ಯಾರೂ ಹೊರಗೆ ಕಳಿಸಲಿಲ್ಲ. ಪ್ರದೀಪ್ ಬಂದು ಮಾಸ್ಕ್ ಬಿಚ್ಚಿಸಿ, ನನ್ನನ್ನು ಎಬ್ಬಿಸಿ ಕೂರಿಸಿ, ಎದೆಗೆ ದಿಂಬು ಅಪ್ಪಿಸಿದ. “ದಿಂಬನ್ನು ಬಿಗಿಯಾಗಿ ಹಿಡೀರಿ, ಮೂಳೆ ಅಲುಗಲ್ಲ. ಈಗ ಮೀಟಿಂಗಿನ ಕೆಮ್ಮು ಬೇಡ ಆಂಟೀಜಿ.”

ಮೆಣಸಿನಕಾಯಿ ಕಣದಲ್ಲಿ ಬೆಳೆದವಳಿಗೆ ಕೆಮ್ಮು ಹೇಳಿಕೊಡಬೇಕೇ? ಸುಗ್ಗಿಯಲ್ಲಿ ಘಾಟಿಗೆ ಇಡೀ ಓಣಿ ಕೆಮ್ಮುತ್ತಿತ್ತು. ಉಸಿರು ಎಳೆದೆ. ಬಿಟ್ಟೆ. ಎರಡನೇ ಸಲಕ್ಕೆ ಒಳಗಿನಿಂದ ಏನೋ ಕಿತ್ತುಕೊಂಡು ಬಂತು. ಜೊತೆಗೆ ಒಂದು ಕೂಗೂ ಬಂತು, “ಯವ್ವಾ!” ಅದು ನನ್ನದೇ ದನಿಯೆಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಎದುರು ಮಂಚದ ಮುದುಕರು ಬೆಚ್ಚಿ ಕಣ್ಣು ಬಿಟ್ಟರು.

“ಶಾಬಾಶ್! ಇನ್ನೊಂದು.”

“ಯವ್ವಾ! ಸತ್ತೆ!”

“ಸಾಯಲ್ಲ. ಇನ್ನೊಂದು.” ಅವನಿಗೆ ಕನ್ನಡ ಬರುವುದಿಲ್ಲ. ಆ ಪದ ಯಾವ ಭಾಷೆಯಲ್ಲಿದ್ದರೂ ಅವನಿಗೆ ಅರ್ಥವಾಗುತ್ತಿತ್ತೇನೋ.

ಹಾಗೆ ಗಂಟೆಗೊಮ್ಮೆ. ಆರೂವರೆಗೆ ಡಾಕ್ಟರ್ ಹುಡುಗಿ ಬಂದು ರಕ್ತದ ರಿಪೋರ್ಟು ನೋಡಿದಳು. ಎಂಟಕ್ಕೆ ಮತ್ತೆ ನೋಡಿದಳು. “ನಳಿಗೆ ಬೇಡ. ಆದರೆ ನಿಲ್ಲಿಸಬೇಡಿ” ಎಂದಳು. ನನಗೆ ಸಂತೋಷವೇನೂ ಆಗಲಿಲ್ಲ. ಅಷ್ಟು ಸುಸ್ತಾಗಿತ್ತು. ಎಲ್ಲರೂ ನನ್ನನ್ನು ಬಿಟ್ಟು ಹೋದರೆ ಸಾಕು, ಒಂದು ಗಂಟೆ ಯಾರೂ ನನ್ನಿಂದ ಏನೂ ಕೇಳದಿದ್ದರೆ ಸಾಕು ಎಂದಷ್ಟೇ ಇತ್ತು.

ಇನ್ನೂ ಮೂರು ದಿನ ಅಲ್ಲೇ ಇದ್ದೆ, ಆಮೇಲೆ ವಾರ್ಡು, ಆಮೇಲೆ ಮನೆ. ಪುಸ್ತಕಗಳಲ್ಲಿ ಇಲ್ಲಿಗೆ ಕಥೆ ಮುಗಿದು ಬೆಳಕು ಬರುತ್ತದೆ. ನನಗೆ ಬಂದದ್ದು ಸುಸ್ತು. ಮೊದಲ ತಿಂಗಳು ಒಂದು ತಂಬಿಗೆ ನೀರು ಎತ್ತಲು ಯೋಚಿಸಬೇಕಿತ್ತು. ಮೂರನೇ ತಿಂಗಳು ಕಚೇರಿಗೆ ಹೋದೆ. ಎಲ್ಲರೂ “ಮೇಡಂ, ಏಕ್‌ದಂ ಫಿಟ್” ಎಂದರು. ಶೌಚಾಲಯಕ್ಕೆ ಹೋಗಿ ಕಮೋಡಿನ ಮುಚ್ಚಳದ ಮೇಲೆ ಕೂತು ಹದಿನೈದು ನಿಮಿಷ ಕಣ್ಣು ಮುಚ್ಚುತ್ತಿದ್ದೆ. ರಕ್ತ ತೆಳುವಾಗಿಡುವ ಮಾತ್ರೆ ಬದುಕಿರುವ ತನಕ ನುಂಗಬೇಕು, ಅದರ ಅಳತೆ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಮನೆ ನಿಶ್ಶಬ್ದವಾಗಿದ್ದರೆ ಹೊಸ ಕವಾಟ ಗಡಿಯಾರದ ಹಾಗೆ ಟಿಕ್ ಎನ್ನುವುದು ಹೊರಗೂ ಕೇಳುತ್ತದೆ. “ಈಗ ನೀನು ಕೋಪ ಮಾಡ್ಕೊಂಡ್ರೆ ಮೊದಲೇ ಗೊತ್ತಾಗುತ್ತೆ” ಎನ್ನುತ್ತಾರೆ ನಮ್ಮವರು.

ಮೇಘನಾ ಈಗ ವಾರಕ್ಕೊಮ್ಮೆಯಾದರೂ ಏನಾದರೂ ಹೇಳುತ್ತಾಳೆ. ಎಲ್ಲವನ್ನೂ ಹೇಳುವುದಿಲ್ಲ. ನನ್ನ ಬಾಯಿಗೆ ಇನ್ನೂ ಮೊದಲು “ತಡ್ಕೋ” ಎಂದೇ ಬರುತ್ತದೆ. ಅರ್ಧಕ್ಕೆ ನುಂಗುತ್ತೇನೆ. ಅವಳಿಗೆ ಅದು ಕಾಣುತ್ತದೆ, ನಗುತ್ತಾಳೆ.

ಹೋದ ತಿಂಗಳು ಓಪಿಡಿಗೆ ಹೋಗಿದ್ದೆ. ನನ್ನ ಸರದಿ ಬರಲು ಮಧ್ಯಾಹ್ನವಾಯಿತು. ನನ್ನ ಮುಂದಿನವರೆಲ್ಲ ಒಳಗೆ ಹೋಗಿ, “ಸಬ್ ಠೀಕ್ ಹೈ ಜೀ” ಎಂದು ಎರಡೇ ನಿಮಿಷದಲ್ಲಿ ಹೊರಗೆ ಬರುತ್ತಿದ್ದರು. ಹೊರಗೆ ಬಂದವರು ಕಂಬ ಹಿಡಿದು ನಿಂತು ಸುಧಾರಿಸಿಕೊಳ್ಳುವುದನ್ನು ನಾನು ಬೆಂಚಿನಿಂದ ನೋಡುತ್ತಿದ್ದೆ. ಒಳಗಿದ್ದದ್ದು ಹೊಸ ಡಾಕ್ಟರು, ತರುಣ. “ಹೇಳಿ, ಎಲ್ಲ ಸರಿಯಿದೆಯಾ?” ಎಂದು ಆಗಲೇ ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು.

“ಇಲ್ಲ ಸರ್,” ಎಂದು ಚೀಲದಿಂದ ಕಾಗದ ತೆಗೆದೆ. ಕಚೇರಿಯ ಕಾಗದ, ಕ್ರಮಸಂಖ್ಯೆ ಹಾಕಿ ಬರೆದಿದ್ದೆ. ಒಂದು, ಎಡಕ್ಕೆ ಮಲಗಿದರೆ ಎದೆ ಒತ್ತುತ್ತದೆ. ಎರಡು, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಮೂರು, ಹೊಲಿಗೆಯ ಕಲೆ ಚಳಿಗೆ ಬಿಗಿಯುತ್ತದೆ. ನಾಲ್ಕು, ಗೊತ್ತಿರುವ ಹೆಸರುಗಳು ಮರೆತುಹೋಗುತ್ತವೆ. ಐದು, ಸುಸ್ತು.

“ಸುಸ್ತು ಎಂದರೆ?”

“ನಿದ್ದೆ ಮಾಡಿದರೂ ಹೋಗದ ಸುಸ್ತು.”

ಬಾಗಿಲಲ್ಲಿ ಇಣುಕಿ ಯಾರೋ, “ಮೇಡಂ, ಜರಾ ಜಲ್ದೀ, ನಾವೂ ಬೆಳಿಗ್ಗೆಯಿಂದ ಕೂತಿದ್ದೀವಿ” ಎಂದರು. ಅವರ ದನಿಯೂ ಸೋತಿತ್ತು. ಪಾಪ, ಕೂತೇ ಇದ್ದರು. “ನಿಮ್ಮ ಸರದಿಯಲ್ಲಿ ನೀವೂ ಪೂರ್ತಿ ಹೇಳಿ ಭಾಯಿಸಾಹೇಬ್” ಎಂದು ಕನ್ನಡಕ ಸರಿಮಾಡಿಕೊಂಡೆ. ಆರನೆಯದನ್ನು ಮನೆಯಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದ್ದೆ. ಮೂರನೇ ಸಲ ಸಣ್ಣ ಅಕ್ಷರದಲ್ಲಿ ಬರೆದಿದ್ದೆ.

“ಅಳು ಬರುತ್ತೆ ಸರ್. ಕಾರಣ ಏನೂ ಇರಲ್ಲ. ಮೆಟ್ರೋದಲ್ಲಿ, ನಿಂತುಕೊಂಡಿರುವಾಗ.”

ಡಾಕ್ಟರು ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು. ಎದುರಿನ ಕುರ್ಚಿಯನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ಅಲ್ಲಿಯ ತನಕ ನಾನು ನಿಂತೇ ಓದುತ್ತಿದ್ದೆ.

“ಕೂತ್ಕೊಳ್ಳಿ. ವಾರಕ್ಕೆ ಎಷ್ಟು ಸಲ?”

ಕೂತೆ. ಎಣಿಸಿ ಹೇಳಿದೆ.